ಮೂವತ್ತು ನಲವತ್ತರ ನಿವೇಶನದಲ್ಲಿ ಜಗಲಿಗೆ ಜಾಗವಿದೆಯೇ?

ಪ್ರಶ್ನೆ: ನಾನು ಹುಟ್ಟಿ ಬೆಳೆದದ್ದು ಮೈಸೂರಿನ ಕೃಷ್ಣಮೂರ್ತಿಪುರಂನ ಹೆಂಚಿನ ಮನೆಯಲ್ಲಿ. ಅಣ್ಣತಮ್ಮಂದಿರ ಪಾಲಾದ ಮೇಲೆ ಆ ಮನೆಯನ್ನು ಮಾರಿದೆವು. ಈಗ ಐದು ವರ್ಷಗಳಿಂದ ವರ್ತುಲ ರಸ್ತೆಯ ಆಚೆಗಿನ ಹೊಸ ಬಡಾವಣೆಯಲ್ಲಿ ಬಾಡಿಗೆಗಿದ್ದೇವೆ. ಅಲ್ಲಿಯೇ 30 x 40 ಅಡಿಯ ನಿವೇಶನ ಕೊಂಡಿದ್ದು, ಮನೆ ಕಟ್ಟಿಸಬೇಕೆಂದಿದ್ದೇವೆ. ನನ್ನ ತಾಯಿಗೆ 72 ವರ್ಷ. ಹಳೆಯ ಮನೆಯಲ್ಲಿದ್ದಾಗ ದಿನಕ್ಕೆ ಎರಡು ಸಲ ಹೊರಗೆ ಹೋಗಿ ಬರುತ್ತಿದ್ದವರು ಇಲ್ಲಿ ಗೇಟಿನವರೆಗೆ ಬಂದು ಹಿಂತಿರುಗುತ್ತಾರೆ. ಹಳೆಯ ಮನೆ, ಹಳೆಯ ಬೀದಿ ಎಂದು ನಾವು ಹಂಬಲಿಸುವುದು ಬರೀ ಬಾಲ್ಯದ ಮೋಹವೇ? ತೊಟ್ಟಿಮನೆಯಂತೆ ಕಟ್ಟಿಸಿದರೆ ಆ ನೆಮ್ಮದಿ ಮರಳಿ ಬರುತ್ತದೆಯೇ? ಅಥವಾ ನಿವೇಶನ ಮಾರಿ ಹಳೆಯ ಬಡಾವಣೆಯಲ್ಲೇ ಒಂದು ಹಳೆಯ ಮನೆ ಕೊಳ್ಳುವುದು ಮೇಲೇ?

ಉತ್ತರ: ನೀವು ಕೇಳಿರುವುದು ಮೂರು ಪ್ರಶ್ನೆ. ಆದರೆ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಪ್ರಶ್ನೆಯೇ ಅಲ್ಲದ ಒಂದು ಮಾತು: ‘ಗೇಟಿನವರೆಗೆ ಬಂದು ಹಿಂತಿರುಗುತ್ತಾರೆ’. ಮೂವತ್ತು ವರ್ಷಗಳಿಂದ ಈ ಊರಿನಲ್ಲಿ ಹೊಸ ಮನೆಗಳ ನಕ್ಷೆ ಬರೆದುಕೊಂಡು, ಹಳೆಯ ಮನೆಗಳ ರಿಪೇರಿ ಮಾಡಿಸಿಕೊಂಡು ಬಂದಿದ್ದೇನೆ. ಈ ಮಾತನ್ನು ಬೇರೆ ಬೇರೆ ಮಕ್ಕಳ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೆಂದರೆ, ಈಗ ಮನೆಯ ವಿಷಯ ಎತ್ತುವ ಮೊದಲೇ ‘ಹಿರಿಯರು ಗೇಟು ದಾಟುತ್ತಾರೆಯೇ?’ ಎಂದು ನಾನೇ ಕೇಳುತ್ತೇನೆ. ಆದ್ದರಿಂದ ನಿಮ್ಮ ತಾಯಿಯಿಂದಲೇ ಶುರು ಮಾಡುತ್ತೇನೆ. ತೊಟ್ಟಿಯ ಮಾತು ಆಮೇಲೆ.

ಗಟ್ಟಿಮುಟ್ಟಾದ ವಯಸ್ಕರು ನಿಮಿಷಕ್ಕೆ ಹೆಚ್ಚುಕಡಿಮೆ 80 ಮೀಟರ್ ನಡೆಯುತ್ತಾರೆ. ಮಂಡಿನೋವಿರುವ ಎಪ್ಪತ್ತು ದಾಟಿದವರಿಗೆ 50 ಮೀಟರ್ ಎಂದಿಟ್ಟುಕೊಳ್ಳಿ. ಹತ್ತು ನಿಮಿಷ ನಡೆದರೆ ಅರ್ಧ ಕಿಲೋಮೀಟರ್. ಅಷ್ಟು ದೂರ ಹೋದ ಮೇಲೆ ಕುಳಿತುಕೊಳ್ಳಲು ಒಂದು ತಾಣ ಬೇಕು, ಯಾಕೆಂದರೆ ಅಷ್ಟೇ ದೂರ ವಾಪಸ್ಸು ಬರಬೇಕಲ್ಲ. ನಿಮ್ಮ ಹಳೆಯ ಮನೆಯಿಂದ ಆ ಅಳತೆಯೊಳಗೆ ರಾಮಮಂದಿರವಿತ್ತು, ಹೂವಿನವರಿದ್ದರು, ಔಷಧಿ ಅಂಗಡಿಯಿತ್ತು, ಹಿಟ್ಟಿನ ಗಿರಣಿಯಿತ್ತು, ದಾರಿಯಲ್ಲಿ ಗುರುತಿನವರ ನಾಲ್ಕು ಬಾಗಿಲುಗಳಿದ್ದವು. ಈಗಿನ ಮನೆಯಿಂದ ಅರ್ಧ ಕಿಲೋಮೀಟರ್ ನಡೆದರೆ ಏನು ಸಿಗುತ್ತದೆ? ಖಾಲಿ ನಿವೇಶನಗಳು, ಪಾರ್ಥೇನಿಯಂ, ಅದರ ನಡುವೆ ಮಲಗಿದ ನಾಯಿಗಳು, ಆಳೆತ್ತರದ ಕಾಂಪೌಂಡುಗಳು. ನಿಮ್ಮ ತಾಯಿ ಮುನಿಸಿಕೊಂಡಿಲ್ಲ, ಅವರಿಗೆ ಮಂಕು ಕವಿದೂ ಇಲ್ಲ. ಹೋಗಲು ಒಂದು ಜಾಗವಿಲ್ಲದವರು ಗೇಟಿನಿಂದ ಹಿಂತಿರುಗದೆ ಇನ್ನೇನು ಮಾಡುತ್ತಾರೆ?

ಹಾಗಾದರೆ ಈ ಹಂಬಲ ಬಾಲ್ಯದ ಮೋಹವೇ? ಒಂದು ಪಾಲು ಹೌದು. ನೆನಪು ಸೋರುವ ಹೆಂಚನ್ನು ಮರೆತು ಮಳೆಯ ಸದ್ದನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಆದರೆ ಉಳಿದ ಪಾಲಿಗೆ ಲೆಕ್ಕವಿದೆ, ಅಳತೆಯಿದೆ. ಅದನ್ನು ಹೇಳುವ ಮೊದಲು ಒಂದು ತಪ್ಪು ಕಲ್ಪನೆಯನ್ನು ಸರಿಪಡಿಸಬೇಕು. ನೀವು ‘ಹಳೆಯ ಮೈಸೂರು’ ಎಂದು ಕರೆಯುವ ಬಡಾವಣೆಗಳಲ್ಲಿ ಬಹುಪಾಲು ಅಂಥ ಹಳೆಯವೇನಲ್ಲ. 1897ರಲ್ಲಿ ಮರದ ಅರಮನೆ ಸುಟ್ಟುಹೋಯಿತು. ಅದರ ಬೆನ್ನಿಗೇ ಪ್ಲೇಗು ಬಂತು. ಕೋಟೆಯೊಳಗೆ ಮನೆಗೆ ಮನೆ ಅಂಟಿಕೊಂಡಿದ್ದ ಜನವಸತಿಯನ್ನು ಹೊರಗೆ ಹಂಚುವುದು ಅನಿವಾರ್ಯವಾಯಿತು. 1903ರಲ್ಲಿ ನಗರ ಸುಧಾರಣೆಗೆಂದೇ ಒಂದು ಟ್ರಸ್ಟ್ ಬೋರ್ಡ್ ಹುಟ್ಟಿತು. ದೇಶದಲ್ಲಿ ಇಂಥ ಕೆಲಸಕ್ಕೆ ಕೈಹಾಕಿದ ಮೊದಮೊದಲ ಸಂಸ್ಥೆಗಳಲ್ಲಿ ಅದೂ ಒಂದು. ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂಗಳೆಲ್ಲ ಆ ಕಾಲದವರ ಕಣ್ಣಿಗೆ ಊರಾಚೆಯ ಹೊಸ ಬಡಾವಣೆಗಳು. ಅಗ್ರಹಾರದ ಮುದುಕಿಯೊಬ್ಬರು ‘ಆ ಬಯಲಿನಲ್ಲಿ ಯಾರು ಹೋಗಿ ಇರುತ್ತಾರೆ’ ಎಂದು ಆಗ ಮೂಗು ಮುರಿದಿದ್ದರೆ ನನಗೆ ಆಶ್ಚರ್ಯವಿಲ್ಲ.

ಅಂದರೆ ನೀವು ಕಳೆದುಕೊಂಡದ್ದು ಅನಾದಿಕಾಲದ ಪರಂಪರೆಯನ್ನಲ್ಲ, ಒಂದು ಒಳ್ಳೆಯ ನಕ್ಷೆಯನ್ನು. ಅದನ್ನು ಬರೆದವರ ತಲೆಯಲ್ಲಿ ಆಗ ಇದ್ದದ್ದು ಪ್ಲೇಗು, ಗಾಳಿ, ಬೆಳಕು, ಚರಂಡಿ. ಮನೆಗಳ ಬೆನ್ನಿಗೆ ಕಿರಿದಾದ ಗಲ್ಲಿಯೊಂದು ಓಡುತ್ತದೆಯಲ್ಲ, ಈಗಲೂ ಜನ ಅದನ್ನು ‘ಕನ್ಸರ್ವೆನ್ಸಿ’ ಎನ್ನುತ್ತಾರೆ. ಪಾಯಖಾನೆ ಬಳಿಯುವವರು ಮನೆಯ ಮುಂದೆ ಬರಬಾರದೆಂದು ಬಿಟ್ಟ ದಾರಿ ಅದು. ಅದರ ಹಿಂದಿನ ಯೋಚನೆ ಹೊಲಸಿನದು, ಜಾತಿಯದು. ಆದರೆ ಅದರಿಂದ ಆದ ಒಂದು ಅನುಕೂಲವನ್ನೂ ಹೇಳಬೇಕು. ಕೊಳವೆ, ಚರಂಡಿ, ಕಸ ಎಲ್ಲವೂ ಹಿಂದಕ್ಕೆ ಹೋದದ್ದರಿಂದ ಮನೆಯ ಮುಂಭಾಗ ಮನುಷ್ಯರಿಗೆ ಉಳಿಯಿತು. ಇಂದಿನ ಬಡಾವಣೆಯಲ್ಲಿ ಮುಂಬಾಗಿಲ ಎದುರಿಗೇ ಮ್ಯಾನ್‌ಹೋಲ್, ನೀರಿನ ಮೀಟರು, ಕಸದ ಬಕೆಟ್ಟು, ಕಾರು. ಜಗಲಿ ಇರಬೇಕಾದ ಜಾಗದಲ್ಲಿ ಇವೆಲ್ಲ ಸಭೆ ಸೇರಿವೆ.

ಜಾತಿಯ ಮಾತು ಬಂದದ್ದರಿಂದ ಇದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ‘ಪರಂಪರೆಯ ವಾಸ್ತು’ ಎಂದು ಕಣ್ಣಲ್ಲಿ ನೀರು ತಂದುಕೊಳ್ಳುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ. ಅಗ್ರಹಾರದ ಬೀದಿ ನಡೆಯಲು ಸೊಗಸಾಗಿತ್ತು, ನಿಜ. ಯಾರಿಗೆ? ಆ ಜಗಲಿಯ ಮೇಲೆ ಯಾರು ಕೂರಬಹುದಿತ್ತು, ಯಾರು ಬೀದಿಯಲ್ಲೇ ನಿಂತು ಮಾತನಾಡಿಸಬೇಕಿತ್ತು, ಯಾರು ಆ ಬೀದಿಗೇ ಬರುವಂತಿರಲಿಲ್ಲ ಎಂಬುದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತು. ಕೇರಿಗಳ ಹೆಸರುಗಳೇ ಅದನ್ನು ಹೇಳುತ್ತವೆ. ಮನೆಯೊಳಗೂ ಅಷ್ಟೆ: ಪಡಸಾಲೆಯಲ್ಲಿ ಗಂಡಸರಿಗೆ ತಂಪು ಗಾಳಿ, ಹಿಂದಿನ ಕತ್ತಲೆಯ ಅಡುಗೆಮನೆಯಲ್ಲಿ ಹೆಂಗಸರಿಗೆ ಸೌದೆಯ ಹೊಗೆ. ಹಳೆಯ ಮನೆಯಿಂದ ಕಲಿಯಬೇಕಾದ್ದು ಬೇಕಾದಷ್ಟಿದೆ. ಹಾಗೆಂದು ಇದ್ದದ್ದನ್ನೆಲ್ಲ ಮರಳಿ ತರುವ ಹರಕೆ ಹೊತ್ತುಕೊಳ್ಳಬೇಕಾಗಿಲ್ಲ.

ಹಾಗಾದರೆ ಏನನ್ನು ಕಲಿಯಬೇಕು? ಒಂದು ಸಂಜೆ ಮೇಲುಕೋಟೆಗೆ ಹೋಗಿ ದೇವಸ್ಥಾನದ ಕಡೆಗಿನ ಬೀದಿಗಳಲ್ಲಿ ನಡೆದು ನೋಡಿ. ಮೈಸೂರಿನಿಂದ ಐವತ್ತು ಕಿಲೋಮೀಟರ್ ಆಸುಪಾಸು. ಮನೆಗಳು ದೊಡ್ಡವಲ್ಲ, ಕೆಲವು ಬೀಳುವಂತಿವೆ. ಆದರೆ ಒಂದು ಮನೆಯ ಜಗಲಿ ಮುಗಿದಲ್ಲಿ ಪಕ್ಕದ ಮನೆಯ ಜಗಲಿ ಶುರುವಾಗುತ್ತದೆ. ಮೇಲೆ ಇಳಿಜಾರು ಮಾಡು, ಅದನ್ನು ಹೊತ್ತ ಮರದ ಕಂಬ, ಕೆಳಗೆ ಕಲ್ಲಿನ ಅಂಚು. ಆ ಜಗಲಿ ಮನೆಯವರದೂ ಹೌದು, ಬೀದಿಯದೂ ಹೌದು. ವೈರಮುಡಿ ಉತ್ಸವದ ರಾತ್ರಿ ಸಾವಿರಾರು ಜನ ಬಂದಾಗ ಯಾರನ್ನೂ ಕೇಳದೆ ಅಲ್ಲಿ ಕೂರುತ್ತಾರೆ, ಮಗುವನ್ನು ಮಲಗಿಸುತ್ತಾರೆ, ಬುತ್ತಿ ಬಿಚ್ಚುತ್ತಾರೆ. ಬಾಗಿಲು ತೆರೆದ ಮನೆಯವರು ಗದರಿಸುವುದಿಲ್ಲ, ಒಳಗೆ ಕರೆಯುವುದೂ ಇಲ್ಲ. ಕರೆಯದೆ, ಕಳಿಸದೆ ಇರಬಹುದಾದ ಇಂಥ ಒಂದು ಜಾಗವನ್ನು ನಮ್ಮ ಇಂದಿನ ನಕ್ಷೆಯಲ್ಲಿ ಎಲ್ಲಿ ತೋರಿಸುತ್ತೀರಿ? ಗೇಟಿನ ಒಳಗೆ ಬಂದರೆ ಅತಿಥಿ, ಹೊರಗೆ ನಿಂತರೆ ಅನುಮಾನದ ಆಸಾಮಿ. ನಡುವೆ ಏನೂ ಇಲ್ಲ.

ಇದೇ ಉಪಾಯ ಮಾರುಕಟ್ಟೆಯಲ್ಲೂ ಇದೆ. ಸಯ್ಯಾಜಿರಾವ್ ರಸ್ತೆಯಲ್ಲಿ ದೇವರಾಜ ಮಾರುಕಟ್ಟೆ ರಸ್ತೆಗೆ ಬೆನ್ನು ಹಾಕಿ ಕೂತಿಲ್ಲ. ಹೊರಸುತ್ತಿನ ಅಂಗಡಿಗಳ ಮುಖ ಬೀದಿಯ ಕಡೆಗಿದೆ, ಒಳಗೆ ಹೂವು, ಬಾಳೆಹಣ್ಣು, ಕುಂಕುಮದ ಸಾಲು. ಲ್ಯಾನ್ಸ್‌ಡೌನ್ ಕಟ್ಟಡದ ಮುಂದೆ ಕಂಬಗಳ ಸಾಲಿನ ನೆರಳುದಾರಿ ಇತ್ತು. ಮಳೆ ಬಂದರೆ, ಬಿಸಿಲೇರಿದರೆ ನಡೆಯುವವನಿಗೆ ಪುಕ್ಕಟೆ ಮಾಡು. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯಾಯಿತು, 2016ರಲ್ಲಿ ಮಾರುಕಟ್ಟೆಯ ಒಂದು ಭಾಗ ಕುಸಿಯಿತು. ಅಂದಿನಿಂದ ‘ಕೆಡವಬೇಕೇ, ಉಳಿಸಬೇಕೇ’ ಎಂಬ ವಾದ ನಡೆದೇ ಇದೆ. ನನ್ನ ಮತ ಉಳಿಸುವವರ ಕಡೆಗೆ. ಆದರೆ ಎರಡೂ ಪಕ್ಷದವರು ಕಮಾನು, ಗೋಪುರಗಳನ್ನೇ ಹಿಡಿದುಕೊಂಡು ಜಗಳವಾಡುವುದು ನನಗೆ ಬೇಸರ. ಅಲ್ಲಿ ಮೊದಲು ಉಳಿಯಬೇಕಾದ್ದು ಅಂಗಡಿಯ ಬಾಗಿಲಿಗೂ ನಡೆಯುವವನ ಮೊಣಕೈಗೂ ಇರುವ ಆ ಎರಡಡಿ ಅಂತರ. ಅದು ಹೋದರೆ ಕಮಾನು ಎಷ್ಟು ಚೆನ್ನಾಗಿದ್ದರೂ ನಾವು ಕಾರಿನಿಂದ ನೋಡಿ ಮುಂದೆ ಹೋಗುತ್ತೇವೆ.

ಇನ್ನೊಂದು ಅಳತೆ ಕಣ್ಣಿಗೆ ಬೀಳದ್ದು. ಹಳೆಯ ಬಡಾವಣೆಗಳಲ್ಲಿ ಅಡ್ಡರಸ್ತೆಗಳು ಬೇಗಬೇಗ ಸಿಗುತ್ತವೆ. ನಡೆಯುವವನಿಗೆ ಪ್ರತಿ ಎರಡು ನಿಮಿಷಕ್ಕೆ ಒಂದು ತಿರುವು, ತಿರುವಿನಲ್ಲಿ ಒಂದು ಅಂಗಡಿ. ಆಗ ದಾರಿ ಚಿಕ್ಕದಾಗಿ ಕಾಣುತ್ತದೆ, ಬೇಕೆಂದಾಗ ಬೇರೆ ದಾರಿಯಲ್ಲಿ ಮರಳಬಹುದು. ಹೊಸ ಬಡಾವಣೆಗಳಲ್ಲಿ, ಅದರಲ್ಲೂ ಸುತ್ತುಗೋಡೆ ಹಾಕಿಕೊಂಡ ಖಾಸಗಿ ಬಡಾವಣೆಗಳಲ್ಲಿ, ಒಂದೇ ಗೇಟು. ಈಚೆಗೆ ಒಬ್ಬರ ಮನೆಗೆ ಹೋಗಿದ್ದೆ. ಅವರ ಟೆರೇಸಿನ ಮೇಲೆ ನಿಂತರೆ ಹಾಲಿನ ಬೂತು ಎದುರಿಗೇ ಕಾಣುತ್ತದೆ, ಗಾಳಿಪಟ ಹಾರಿಸುವಷ್ಟು ದೂರ. ಆದರೆ ಕಾಲುದಾರಿ ಒಂದು ಕಿಲೋಮೀಟರಿಗೆ ಹತ್ತಿರ, ಏಕೆಂದರೆ ನಡುವೆ ಗೋಡೆ. ಹಾಲಿಗೆ ಸ್ಕೂಟರ್ ತೆಗೆಯುತ್ತಾರೆ. ಆ ಗೋಡೆಯಲ್ಲಿ ಮೂರಡಿಯ ಕಿಂಡಿಬಾಗಿಲು ಬಿಡಿಸಿದ್ದರೆ ಸಾಕಿತ್ತು. ಸಂಘದ ಸಭೆಯಲ್ಲಿ ಅದನ್ನು ಕೇಳಿದಾಗ ‘ಭದ್ರತೆ’ ಎಂಬ ಒಂದೇ ಉತ್ತರ ಬಂತಂತೆ.

ಭದ್ರತೆಯ ಮಾತಿಗೂ ಎರಡು ಪದ. ಆರಡಿಯ ಗೋಡೆ ಹಾರುವವರೆಗೆ ಕಳ್ಳನಿಗೆ ಕಷ್ಟ. ಹಾರಿದ ಮೇಲೆ ಅದೇ ಗೋಡೆ ಅವನಿಗೆ ಮರೆ. ಎದುರುಮನೆಯ ಅಜ್ಜಿ ಜಗಲಿಯಲ್ಲಿ ಕೂತು ಅವರೆಕಾಳು ಸುಲಿಯುತ್ತಿದ್ದ ಬೀದಿಯಲ್ಲಿ ಹೊಸಬರು ಕಾಲಿಟ್ಟರೆ ‘ಯಾರ ಮನೆ ಬೇಕಪ್ಪ?’ ಎಂಬ ಪ್ರಶ್ನೆ ಎದುರಾಗುತ್ತಿತ್ತು. ಕ್ಯಾಮೆರಾ ಹಾಗೆ ಕೇಳುವುದಿಲ್ಲ.

ಇನ್ನು ತೊಟ್ಟಿ.

ತೊಟ್ಟಿಮನೆಯ ತಂಪು ಸುಳ್ಳಲ್ಲ. ಮನೆಯ ನಡುವೆ ಆಕಾಶಕ್ಕೆ ತೆರೆದ ಚೌಕವಿದ್ದಾಗ ಒಳಗಿನ ಬಿಸಿಗಾಳಿ ಮೇಲೇರಿ ಅಲ್ಲಿಂದ ಹೊರಹೋಗುತ್ತದೆ, ಸುತ್ತಲಿನ ಕೋಣೆಗಳ ಕಿಟಕಿ ಬಾಗಿಲುಗಳಿಂದ ತಣ್ಣನೆಯ ಗಾಳಿ ಅದರ ಜಾಗ ತುಂಬುತ್ತದೆ. ದಪ್ಪ ಮಣ್ಣಿನ ಗೋಡೆ ಹಗಲಿನ ಶಾಖವನ್ನು ಸಂಜೆಯವರೆಗೆ ಹಿಡಿದಿಡುತ್ತದೆ. ನಾಲ್ಕು ಮಾಡಿನ ನೀರು ತೊಟ್ಟಿಗೆ ಬಿದ್ದು ಹಂಡೆಗೋ ಬಾವಿಗೋ ಹೋಗುತ್ತಿತ್ತು. ಆದರೆ ಇದೆಲ್ಲ ನಡೆಯುವುದು ನೂರಡಿ ಉದ್ದದ ನಿವೇಶನದಲ್ಲಿ, ಕೂಡುಕುಟುಂಬದ ಮನೆಯಲ್ಲಿ. ನಿಮ್ಮದು 1,200 ಚದರಡಿ. ನಿಯಮದಂತೆ ಸುತ್ತ ಬಿಡುವ ಜಾಗ ಕಳೆಯಿರಿ, ಕಾರಿಗೆ ಜಾಗ ಕೊಡಿ, ಮೆಟ್ಟಿಲು ಇಡಿ. ಉಳಿದದ್ದರ ನಡುವೆ ಎಂಟಡಿ ಚೌಕದ ತೊಟ್ಟಿ ಕೂರಿಸಿದರೆ ಕೋಣೆಗಳೆಲ್ಲ ಅದರ ಸುತ್ತಿನ ಓಣಿಗಳಾಗುತ್ತವೆ. ಮೊದಲ ಮಳೆಗಾಲದಲ್ಲಿ ನೆಲ ಒದ್ದೆ, ಮೊದಲ ಬೇಸಿಗೆಯಲ್ಲಿ ಕೋತಿ, ವರ್ಷಪೂರ್ತಿ ಸೊಳ್ಳೆ. ಎರಡನೆಯ ವರ್ಷ ಮನೆಯವರು ಬೇಸತ್ತು ಮೇಲೆ ಪಾಲಿಕಾರ್ಬನೇಟ್ ಹಾಳೆ ಹೊದಿಸುತ್ತಾರೆ. ಅಂದಿನಿಂದ ಬೆಳಕು ಬರುತ್ತದೆ, ಬಿಸಿ ಹೊರಹೋಗುವುದಿಲ್ಲ. ತಂಪಿಗೆಂದು ಮಾಡಿದ ತೊಟ್ಟಿ ಮಧ್ಯಾಹ್ನದ ಹೊತ್ತಿಗೆ ಹಪ್ಪಳ ಒಣಗಿಸುವ ಜಾಗವಾಗುತ್ತದೆ. ಇಂಥ ಮೂರು ಮನೆಗಳಲ್ಲಿ ಆ ಹಾಳೆಯನ್ನು ಎತ್ತರಿಸಿ, ಸುತ್ತ ಒಂದಡಿ ಜಾಲರಿಯ ಕಿಂಡಿ ಬಿಡಿಸಿದ್ದೇನೆ. ಅಷ್ಟರಿಂದಲೇ ಮನೆಯವರಿಗೆ ಗೊತ್ತಾಗುವಷ್ಟು ವ್ಯತ್ಯಾಸವಾಯಿತು.

ನಿಮ್ಮ ಅಳತೆಗೆ ತೊಟ್ಟಿಯ ಕೆಲಸವನ್ನು ಮೆಟ್ಟಿಲಿನ ಕೋಣೆಯಿಂದಲೇ ಮಾಡಿಸಬಹುದು. ಅದನ್ನು ಮನೆಯ ನಡುವಿಗೆ ತಂದು, ಟೆರೇಸಿನ ಮೇಲೆ ಎದ್ದಿರುವ ಅದರ ತಲೆಯಲ್ಲಿ ಎದುರುಬದುರು ಗವಾಕ್ಷಿಗಳನ್ನು ಇಟ್ಟು, ಸದಾ ತೆರೆದಿರುವಂತೆ ಜಾಲರಿ ಹಾಕಿ. ಬಿಸಿಗಾಳಿಗೆ ತೊಟ್ಟಿಯೋ ಮೆಟ್ಟಿಲೋ ಎಂಬ ಭೇದ ತಿಳಿಯದು. ಪಡುವಣ ಗೋಡೆಗೆ ಅಗಲವಾದ ಸಜ್ಜಾ ಕೊಡಿ, ಅಥವಾ ಆ ಕಡೆಗೆ ಬಚ್ಚಲು, ಉಗ್ರಾಣಗಳನ್ನು ತಳ್ಳಿ.

ಚೆಟ್ಟಿನಾಡಿನ ಕಂಬ, ಆತಂಗುಡಿ ಟೈಲ್ಸ್, ಕೆತ್ತನೆಯ ಬಾಗಿಲು ತಂದು ಕೂರಿಸುವ ಹುಚ್ಚು ಈಗ ಜೋರಾಗಿದೆ. ನಿಮ್ಮ ವಾಸ್ತುಶಿಲ್ಪಿ ಅದನ್ನು ಸೂಚಿಸಿದ್ದರೆ ಒಂದು ಸಂಗತಿ ನೆನಪಿಡಿ: ಹಳೆಯ ಕಂಬದ ಅಂಗಡಿಗೆ ಬರುವ ಪ್ರತಿಯೊಂದು ಕಂಬವೂ ಎಲ್ಲೋ ಕೆಡವಿದ ಒಂದು ಮನೆಯದು. ಕೊಳ್ಳಬೇಡಿ ಎನ್ನಲಾರೆ, ಮರವಂತೂ ಗಟ್ಟಿಯಾಗಿರುತ್ತದೆ. ಆದರೆ ಅದು ಹೊತ್ತುಕೊಳ್ಳಲು ಏನಾದರೂ ಇರಲಿ. ಕಾಂಕ್ರೀಟು ಚಾವಣಿಯ ಕೆಳಗೆ ಬರೀ ನಿಂತಿರುವ ಕಂಬವನ್ನು ನೋಡಿದರೆ ನಿವೃತ್ತರಾದ ಹಿರಿಯರನ್ನು ಹೊಸಬರ ಕಚೇರಿಯಲ್ಲಿ ಕೂರಿಸಿದಂತೆ ಕಾಣುತ್ತದೆ. ಕೆಂಪು ಆಕ್ಸೈಡ್ ನೆಲಕ್ಕೆ ಮಾತ್ರ ನನ್ನ ಪೂರ್ತಿ ಸಮ್ಮತಿಯಿದೆ. ಬಲ್ಲ ಗಾರೆ ಕೆಲಸದವರು ಸಿಕ್ಕರೆ ಅಗ್ಗ, ತಂಪು, ವರ್ಷಗಳು ಕಳೆದಂತೆ ಹೊಳಪು ಹೆಚ್ಚುತ್ತದೆ. ಬಲ್ಲವರು ಸಿಗದಿದ್ದರೆ ಬಿಟ್ಟುಬಿಡಿ, ಒಂದೇ ವರ್ಷದಲ್ಲಿ ಕೂದಲೆಳೆಯಂಥ ಬಿರುಕುಗಳ ಜಾಲವಾಗುತ್ತದೆ.

ಹಾಗಾದರೆ ದುಡ್ಡು ಎಲ್ಲಿಗೆ ಹಾಕಬೇಕು? ಮನೆಯ ಮುಂದಿನ ಹತ್ತಡಿಗೆ. ನಿಮ್ಮ ಪತ್ರಕ್ಕೆ ನನ್ನ ಉತ್ತರದ ತಿರುಳು ಇಷ್ಟೇ. ಕಾಂಪೌಂಡನ್ನು ಐದಡಿ ಎತ್ತರಿಸುವ ಬದಲು ಹದಿನೆಂಟು ಇಂಚಿಗೆ ನಿಲ್ಲಿಸಿ, ಅದರ ಅಗಲವನ್ನು ಒಂದೂವರೆ ಅಡಿ ಮಾಡಿ, ಮೇಲೆ ನಯವಾದ ಕಲ್ಲು ಹಾಸಿ. ಅದೇ ನಿಮ್ಮ ಜಗಲಿ. ಹದಿನೆಂಟು ಇಂಚು ಎಂದದ್ದಕ್ಕೆ ಕಾರಣವಿದೆ: ಹಳೆಯ ಜಗಲಿಗಳು ಎರಡೂವರೆ ಅಡಿ ಎತ್ತರದವು, ಹತ್ತಿ ಚಕ್ಕಂಬಕ್ಕಳ ಹಾಕಲು ಚೆನ್ನ, ಆದರೆ ಮಂಡಿನೋವಿನವರು ಕೂತು ಏಳಲು ಕುರ್ಚಿಯ ಎತ್ತರವೇ ಬೇಕು. ಪಕ್ಕದಲ್ಲಿ ಹಿಡಿದು ಏಳಲು ಒಂದು ಗಟ್ಟಿ ಕಂಬ, ಕಬ್ಬಿಣದ್ದಾದರೂ ಸರಿ. ಬೇಲಿ ಬೇಕೇ ಬೇಕೆಂದಾದರೆ ಜಗಲಿಯ ಹಿಂದೆ, ಮನೆಯ ಕಡೆಗೆ ಹಾಕಿ, ಬೀದಿಯ ಕಡೆಗಲ್ಲ. ಮುಂದೆ ಒಂದು ಹೊಂಗೆ ನೆಡಿ. ಬೇಸಿಗೆ ಏರುವ ಹೊತ್ತಿಗೆ ಅದು ಹೊಸ ಎಲೆ ಹೊತ್ತು ನಿಲ್ಲುತ್ತದೆ, ಅದರ ನೆರಳು ದಟ್ಟ. ಅಡುಗೆಮನೆಯನ್ನೋ ತಾಯಿಯ ಕೋಣೆಯನ್ನೋ ಮುಂಭಾಗಕ್ಕೆ ತಂದು ಬೀದಿಗೆ ಕಿಟಕಿ ಕೊಡಿ. ಈಗ ಎಲ್ಲರೂ ಮುಂದಕ್ಕೆ ಕಾರು, ಹಿಂದಕ್ಕೆ ಮನುಷ್ಯರು ಎಂಬ ಕ್ರಮದಲ್ಲಿ ಕಟ್ಟುತ್ತಾರೆ. ಕಾರಿಗೆ ಬೀದಿ ನೋಡುವ ಆಸೆಯಿಲ್ಲ.

ನೀವೇ ಮಾಡುವ ಒಂದು ತಪ್ಪನ್ನೂ ಈಗಲೇ ತಡೆಯುತ್ತೇನೆ. ಮಳೆನೀರಿನ ಭಯಕ್ಕೆ ಮನೆಯ ಪಾಯವನ್ನು ರಸ್ತೆಯಿಂದ ಮೂರಡಿ ಎತ್ತರಿಸುತ್ತೀರಿ. ಕಾರು ಹತ್ತಿಸಲು ಗೇಟಿನ ಹೊರಗೆ ಕಾಂಕ್ರೀಟಿನ ಇಳಿಜಾರು ಸುರಿಯುತ್ತೀರಿ. ಅದು ಚರಂಡಿ ದಾಟಿ ಪಾದಚಾರಿ ಮಾರ್ಗವನ್ನು ನುಂಗಿ ರಸ್ತೆಗೆ ನಾಲಿಗೆ ಚಾಚುತ್ತದೆ. ಪಕ್ಕದವರದು ಇನ್ನೊಂದು ಎತ್ತರ, ಅವರಾಚೆಯವರದು ಮತ್ತೊಂದು. ನಡೆಯುವವರು ಹತ್ತುತ್ತಾ ಇಳಿಯುತ್ತಾ ಹೋಗಲಾರದೆ ರಸ್ತೆಗೆ ಇಳಿಯುತ್ತಾರೆ. ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಪ್ರಕಾರ ವಸತಿ ಬೀದಿಯಲ್ಲೂ ಅಡೆತಡೆಯಿಲ್ಲದ ಪಾದಚಾರಿ ಮಾರ್ಗ ಕನಿಷ್ಠ 1.8 ಮೀಟರ್ ಅಗಲವಿರಬೇಕು, ಅದರ ಅಂಚಿನ ಕಲ್ಲು 150 ಮಿಲಿಮೀಟರ್‌ಗಿಂತ ಎತ್ತರವಿರಬಾರದು. ಎರಡು ಗಾಲಿಕುರ್ಚಿಗಳು ಎದುರುಬದುರು ಬಂದರೂ ದಾಟಬಹುದಾದ ಅಗಲ ಅದು. ನಮ್ಮಲ್ಲಿ ಅಂಚಿನ ಕಲ್ಲು ಮಂಡಿಯವರೆಗೆ ಬರುವ ಜಾಗಗಳನ್ನು ನೀವೂ ನೋಡಿದ್ದೀರಿ. ಕಚೇರಿಯನ್ನು ಬೈಯುವುದು ಸುಲಭ, ನಾನೂ ಬೈಯುತ್ತೇನೆ. ಆದರೆ ನಮ್ಮ ಬೀದಿಯ ಮಟ್ಟವನ್ನು ಕೆಡಿಸಿದವರಲ್ಲಿ ನಾವೇ ಮೊದಲಿಗರು. ಇಳಿಜಾರು ಬೇಕಾದರೆ ಗೇಟಿನ ಒಳಗೆ ಇರಲಿ.

ಮೂರನೆಯ ಪ್ರಶ್ನೆಗೆ ಬರುತ್ತೇನೆ. ಹಳೆಯ ಮನೆ ಕೊಳ್ಳುವುದು ಮೇಲೇ?

ಕೊಳ್ಳುವುದಾದರೆ ಕಣ್ಣು ತೆರೆದು ಕೊಳ್ಳಿ. ಮೊದಲು ರಸ್ತೆ ನೋಡಿ. ಹಳೆಯ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಪದರದ ಮೇಲೆ ಪದರ ಹಾಕಿದ್ದರಿಂದ ಎಷ್ಟೋ ಬೀದಿಗಳಲ್ಲಿ ರಸ್ತೆಯೇ ಮೇಲೇರಿ, ಎರಡಡಿಯಿದ್ದ ಜಗಲಿ ಈಗ ಅರ್ಧ ಅಡಿಯಾಗಿದೆ. ಅಂಥ ಮನೆಗೆ ಮಳೆನೀರು ಬೀದಿಯಿಂದಲೇ ಬರುತ್ತದೆ. ಆಮೇಲೆ ಮೇಲೆ ನೋಡಿ. ಹೆಂಚಾದರೆ ತೊಲೆ ಜಂತೆಗಳ ತುದಿ ಗೋಡೆಗೆ ಸೇರುವಲ್ಲಿ ಸ್ಕ್ರೂಡ್ರೈವರ್ ಚುಚ್ಚಿ. ಸಲೀಸಾಗಿ ಒಳಹೋದರೆ ಗೆದ್ದಲು ನಿಮಗಿಂತ ಮೊದಲೇ ಗೃಹಪ್ರವೇಶ ಮಾಡಿದೆ. ಮದ್ರಾಸ್ ತಾರಸಿಯಾದರೆ, ಅಂದರೆ ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಟ್ಟಿದ್ದಾದರೆ, ಸೋರಿಕೆಗೆ ಹಿಂದಿನವರು ಟಾರ್ ಹಾಳೆ ಅಂಟಿಸಿದ್ದಾರೆಯೇ ನೋಡಿ. ಅಂಟಿಸಿದ್ದರೆ ಅದರಡಿ ಸಿಕ್ಕಿಬಿದ್ದ ತೇವ ತೊಲೆಗೆ ಇಳಿದಿರುತ್ತದೆ.

ಗೋಡೆಯ ವಿಷಯದಲ್ಲಿ ನನ್ನ ತಪ್ಪನ್ನೇ ಹೇಳುತ್ತೇನೆ. ವೃತ್ತಿಗೆ ಬಂದ ಹೊಸದರಲ್ಲಿ ಲಕ್ಷ್ಮೀಪುರಂನ ಒಂದು ಮನೆಯ ಮಣ್ಣಿನ ಗೋಡೆಗೆ ಸುಣ್ಣದ ಗಾರೆ ಉದುರುತ್ತಿತ್ತು. ಸುಣ್ಣ ಕೊಳೆಸಿ, ರುಬ್ಬಿ, ವಾರಗಟ್ಟಲೆ ನೀರು ಹಾಕುವ ತಾಳ್ಮೆ ಯಾರಿಗಿದೆ ಎಂದು ಸಿಮೆಂಟು ಮೆತ್ತಿಸಿದೆ. ಗೃಹಿಣಿ ಬಹಳ ಖುಷಿಪಟ್ಟರು, ಕನ್ನಡಿಯಂತೆ ಕಾಣುತ್ತಿತ್ತು. ಎರಡು ಮಳೆಗಾಲ ಕಳೆಯಿತು. ಪಾಯದಿಂದ ಏರುವ ತೇವ ಸುಣ್ಣವಿದ್ದಾಗ ಆರಿಹೋಗುತ್ತಿತ್ತು, ಸಿಮೆಂಟು ಅದಕ್ಕೆ ದಾರಿ ಕೊಡಲಿಲ್ಲ. ಒಳಗೆ ಮಣ್ಣು ಮೆತ್ತಗಾಗಿ ಸಿಮೆಂಟಿನ ದೊಡ್ಡ ಹಕ್ಕಳೆಗಳು ಗೋಡೆಯ ಮಣ್ಣನ್ನೂ ಎಳೆದುಕೊಂಡು ಕಳಚಿದವು. ನನ್ನ ಖರ್ಚಿನಲ್ಲೇ ಎಲ್ಲವನ್ನೂ ಕೆತ್ತಿಸಿ ಮತ್ತೆ ಸುಣ್ಣ ಹಾಕಿಸಿದೆ. ಹಾಕಿದ ಮೇಸ್ತ್ರಿ ಕೆಲಸದುದ್ದಕ್ಕೂ ಒಂದು ಮಾತನ್ನೂ ಆಡಲಿಲ್ಲ. ಅದಕ್ಕಿಂತ ದೊಡ್ಡ ಬೈಗುಳ ನಾನು ಕೇಳಿಲ್ಲ. ಹಳೆಯ ಮನೆ ನೋಡುವಾಗ ಗೋಡೆಯ ಕೆಳಗಿನ ಮೂರಡಿಯಲ್ಲಿ ಮಾತ್ರ ನುಣುಪು ಸಿಮೆಂಟು ಕಂಡರೆ ಒಳಗಿನ ಕಥೆ ಇದೇ ಎಂದು ತಿಳಿಯಿರಿ.

ಇದರ ಮೇಲೆ ಪಾಲು, ಖಾತೆ, ಸಹಿ ಹಾಕದ ಅಕ್ಕತಂಗಿಯರು. ಅದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ, ಆ ದಾರಿಯಲ್ಲಿ ನೀವು ಈಗಾಗಲೇ ನಡೆದು ಬಂದಿದ್ದೀರಿ.

ಈಗ ನೀವು ಕೇಳದ, ಆದರೆ ನಾನು ಹೇಳಲೇಬೇಕಾದ ಸಲಹೆ. ಮನೆ ಕಟ್ಟಲು ಒಂದೂವರೆ ವರ್ಷ ಹಿಡಿಯುತ್ತದೆ. ಸುತ್ತಲಿನ ಖಾಲಿ ನಿವೇಶನಗಳು ತುಂಬಿ, ಮೂಲೆಯಲ್ಲಿ ಒಂದು ಅಂಗಡಿ ಬಂದು, ಹೊಂಗೆ ನೆರಳು ಕೊಟ್ಟು, ಬಡಾವಣೆ ಬೀದಿಯಾಗಲು ಹತ್ತು ಹದಿನೈದು ವರ್ಷ ಬೇಕು. ಕುವೆಂಪುನಗರ ಶುರುವಾದಾಗಲೂ ಜನ ‘ಅಲ್ಲಿ ಏನಿದೆ’ ಎಂದು ಕೇಳುತ್ತಿದ್ದರು, ಈಗ ಅಲ್ಲಿ ಇಲ್ಲದ್ದೇನು ಎಂದು ಕೇಳಬೇಕು. ಬಡಾವಣೆಗಳು ಹಣ್ಣಾಗುತ್ತವೆ, ಅದರಲ್ಲಿ ಅನುಮಾನವಿಲ್ಲ. ನಿಮ್ಮ ಮಕ್ಕಳಿಗೆ ಆ ಹಣ್ಣು ಸಿಗುತ್ತದೆ. ನಿಮ್ಮ ತಾಯಿಗೆ ಕಾಯುವಷ್ಟು ಪುರುಸೊತ್ತಿಲ್ಲ.

ಆದ್ದರಿಂದ ನಿವೇಶನ ಮಾರಬೇಡಿ, ಹಳೆಯ ಮನೆಯನ್ನು ಅವಸರದಲ್ಲಿ ಕೊಳ್ಳಲೂ ಬೇಡಿ. ಹೇಗಿದ್ದರೂ ಬಾಡಿಗೆಗಿದ್ದೀರಿ. ಆ ಬಾಡಿಗೆಯನ್ನೇ ಕೃಷ್ಣಮೂರ್ತಿಪುರಂನಲ್ಲೋ ಚಾಮರಾಜಪುರಂನಲ್ಲೋ ಕೊಡಿ. ನೆಲಮಾಳಿಗೆ ಬೇಡ, ಮಹಡಿ ಬೇಡ, ರಸ್ತೆಮಟ್ಟದ ಎರಡು ಕೋಣೆ ಸಾಕು. ಹೆಂಚಿನ ಮನೆಯೇ ಆಗಬೇಕೆಂದಿಲ್ಲ, ಎಂಬತ್ತರ ದಶಕದ ಸಾದಾ ಕಾಂಕ್ರೀಟು ಮನೆಯಾದರೂ ನಡೆಯುತ್ತದೆ. ಇಲ್ಲಿ ಬೀದಿ ಮುಖ್ಯ. ನಿಮ್ಮ ಕೆಲಸಕ್ಕೆ ಹೋಗುವ ದಾರಿ ದೂರವಾಗಬಹುದು, ಅದನ್ನು ನೀವು ಸ್ಕೂಟರಿನಲ್ಲಿ ಸರಿದೂಗಿಸಬಲ್ಲಿರಿ, ತಾಯಿ ಸರಿದೂಗಿಸಲಾರರು. ಅಷ್ಟರಲ್ಲಿ ನಿವೇಶನದ ಮುಂದೆ ಹೊಂಗೆಯನ್ನಂತೂ ಈ ಮಳೆಗಾಲದಲ್ಲೇ ನೆಟ್ಟುಬಿಡಿ. ಮನೆ ಕಟ್ಟುವ ಹೊತ್ತಿಗೆ ಅದು ಆಳೆತ್ತರ ದಾಟಿರುತ್ತದೆ.

ಮನೆ ನೋಡಲು ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಬಾಗಿಲು ತೆರೆಸಬೇಡಿ, ಮೊದಲು ಆ ಬೀದಿಯ ಈ ಕೊನೆಯಿಂದ ಆ ಕೊನೆಯವರೆಗೆ ಅವರ ಹೆಜ್ಜೆಗೆ ಹೆಜ್ಜೆ ಹಾಕಿ ನಡೆಯಿರಿ. ಎಲ್ಲಿ ನಿಂತರು, ಯಾರೊಡನೆ ಮಾತು ತೆಗೆದರು, ಯಾವ ಜಗಲಿಯನ್ನು ಕಣ್ಣಿನಲ್ಲೇ ಅಳೆದರು ಎಂದು ನೋಡಿಕೊಳ್ಳಿ. ಬಾಳೆ ಎಲೆಯ ಬೆಲೆ ಕೇಳಿ ‘ಇಷ್ಟೊಂದೇ?’ ಎಂದು ಚೌಕಾಸಿಗೆ ನಿಂತರೆ, ಒಳಗಿನ ಅಡುಗೆಮನೆ ಹೇಗಿದ್ದರೂ ಮುಂಗಡ ಕೊಟ್ಟು ಬನ್ನಿ.